ಮನೆಯಲ್ಲಿ ಕಲಿತ ಓದು: ನಂಜನಗೂಡು ತಿರುಮಲಾಂಬ

ಅಭ್ಯಾಸ ಬೋಧನೆಯ ಮೂರನೆಯ ವಾರ. ನನ್ನದು ವಿಜ್ಞಾನ ವಿಷಯ. ಕನ್ನಡ ಮೇಷ್ಟ್ರು ರಜೆ ಹಾಕಿದ್ದರಿಂದ ಎಂಟನೆಯ ತರಗತಿಯ ಬದಲಿ ಅವಧಿ ನನ್ನ ಪಾಲಿಗೆ ಬಂತು. ಹತ್ತು ನಿಮಿಷ ಒಬ್ಬರ ಜೀವನ ಹೇಳುವುದು, ಉಳಿದ ಹೊತ್ತು ಮಕ್ಕಳಿಂದ ಮಾತನಾಡಿಸುವುದು ಎಂದು ಪಾಠಯೋಜನೆ ಬರೆದೆ. ಹಿಂದಿನ ದಿನ ಪೋಷಕರ ಸಭೆ ನಡೆದಿತ್ತು. ಹೂ ಮಾರುವ ಒಬ್ಬ ತಾಯಿಗೆ, ಮಗಳು ತಡವರಿಸಿ ಓದುತ್ತಾಳೆ, ಮನೆಯಲ್ಲಿ ಸ್ವಲ್ಪ ಓದಿಸಿ ಎಂದು ನಾನು ಸಲೀಸಾಗಿ ಹೇಳಿಬಿಟ್ಟಿದ್ದೆ. ತನಗೆ ಅಕ್ಷರ ಬಾರದೆಂದು ಆಕೆ ತಲೆ ತಗ್ಗಿಸಿದರು. ಆ ಮುಜುಗರ ರಾತ್ರಿಯೆಲ್ಲ ಕಾಡಿತು. ಮನೆಯಲ್ಲಿ ಓದಿಸುವುದೆಂದರೆ ಏನು ಎಂದು ಯೋಚಿಸುತ್ತಿದ್ದಾಗ ನೆನಪಾದ ಹೆಸರು ನಂಜನಗೂಡು ತಿರುಮಲಾಂಬ.

ನಂಜನಗೂಡು ಮೈಸೂರಿನಿಂದ ಸುಮಾರು 23 ಕಿ.ಮೀ. ದೂರದಲ್ಲಿದೆ. ನಮ್ಮ ಮಕ್ಕಳಿಗೆ ಅದು ಶ್ರೀಕಂಠೇಶ್ವರನ ದೇವಸ್ಥಾನದ ಊರು, ರಸಬಾಳೆಯ ಊರು. ಅಲ್ಲಿ 1887ರ ಮಾರ್ಚ್ 25ರಂದು ತಿರುಮಲಾಂಬ ಹುಟ್ಟಿದರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ ವಕೀಲರು. ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ 1881ರಲ್ಲೇ ಆರಂಭವಾಗಿತ್ತು. ಆದರೂ ಹೆಣ್ಣುಮಗು ಶಾಲೆಯಲ್ಲಿ ಎಷ್ಟು ವರ್ಷ ಉಳಿಯಬಹುದೆಂಬುದನ್ನು ತೀರ್ಮಾನಿಸುತ್ತಿದ್ದದ್ದು ಮದುವೆ. 1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಯಲು ಕಾನೂನು ತಂದಿತು. ಅದು ತಡೆದದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ಮಾತ್ರ. ತಿರುಮಲಾಂಬ ಅವರಿಗೆ ಮದುವೆಯಾದಾಗ ಹತ್ತು ವರ್ಷ, ಕಾನೂನಿನ ಲೆಕ್ಕಕ್ಕೆ ಅದು ಸರಿಯೇ. ಹದಿನಾಲ್ಕಕ್ಕೆ ಗಂಡ ತೀರಿಕೊಂಡರು.

ನನ್ನ ಎದುರು ಕುಳಿತ ಮಕ್ಕಳಿಗೆ ಹದಿಮೂರು, ಹದಿನಾಲ್ಕರ ವಯಸ್ಸು. ಇಲ್ಲಿಗೆ ಬರುವಷ್ಟರಲ್ಲಿ ತರಗತಿ ತಾನಾಗಿಯೇ ಸುಮ್ಮನಾಯಿತು.

ಆ ಕಾಲದ ಬ್ರಾಹ್ಮಣ ಮನೆಗಳಲ್ಲಿ ವಿಧವೆಯಾದ ಹುಡುಗಿಗೆ ಮರುಮದುವೆ ಇಲ್ಲ, ಶುಭಕಾರ್ಯಗಳಲ್ಲಿ ಜಾಗವಿಲ್ಲ. ಬಹುಪಾಲು ಜನರ ಬದುಕು ಅಡುಗೆಮನೆ, ದೇವರಮನೆಗಳ ನಡುವೆ ಸವೆದುಹೋಗುತ್ತಿತ್ತು. ತವರಿನಲ್ಲಿ ಉಳಿದ ಮಗಳ ಮುಂದೆ ವೆಂಕಟಕೃಷ್ಣ ಅಯ್ಯಂಗಾರ್ ಪುಸ್ತಕಗಳನ್ನು ಇಟ್ಟರು. ಅವಳ ಓದಿನ ಹಸಿವನ್ನು ಗುರುತಿಸಿದರು, ಓದಲು ಬಿಟ್ಟರು, ಓದಲು ನೆರವಾದರು. ಕನ್ನಡದ ಜೊತೆಗೆ ತಮಿಳು, ತೆಲುಗು ಸಾಹಿತ್ಯವೂ ಅವರಿಗೆ ದಕ್ಕಿತು. ಊರಿನ ಕಟ್ಟುಪಾಡುಗಳನ್ನೆಲ್ಲ ಬದಲಿಸುವುದು ಆ ತಂದೆಯ ಕೈಯಲ್ಲಿರಲಿಲ್ಲ. ಮನೆಯೊಳಗೆ ಓದುವ ಒಂದು ಮೂಲೆಯನ್ನು ಮಗಳಿಗೆ ಬಿಟ್ಟುಕೊಡುವುದು ಇತ್ತು. ಅದನ್ನು ಅವರು ಮಾಡಿದರು.

ಓದು ಬರವಣಿಗೆಯಾಯಿತು. ಹಾಡುಗಳು, ನಾಟಕಗಳು, ಕಾದಂಬರಿಗಳು ಬಂದವು. 1913ರಲ್ಲಿ ಅವರು ಸತೀಹಿತೈಷಿಣಿ ಎಂಬ ಗ್ರಂಥಮಾಲೆ ಆರಂಭಿಸಿ ತಮ್ಮ ಸುಶೀಲೆ ಕಾದಂಬರಿಯನ್ನು ಪ್ರಕಟಿಸಿದರು. ಮರುವರ್ಷ ನಭಾ ಬಂತು. ಮುಂದೆ ಕರ್ನಾಟಕ ನಂದಿನಿ ಎಂಬ ಮಾಸಪತ್ರಿಕೆಯನ್ನು ಸಂಪಾದಿಸಿದರು. ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದು ಇಂದು ಅವರನ್ನು ಕರೆಯುತ್ತೇವೆ. ಸುತ್ತಮುತ್ತಲಿನ ಹೆಣ್ಣುಮಕ್ಕಳನ್ನು ಸೇರಿಸಿ ಪಾಠವನ್ನೂ ಹೇಳಿದರು. ಮನೆಯಲ್ಲಿ ಕಲಿತ ಓದನ್ನು ಮತ್ತೆ ಮನೆಗಳಿಗೇ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸರಿಗೇ ಮರಳಿ ತಲುಪಿಸಿದರು.

ಒಂದು ಮಾತನ್ನು ಮಕ್ಕಳಿಂದ ಮುಚ್ಚಿಡಲಿಲ್ಲ. ಅವರ ಕಾದಂಬರಿಗಳು ಪತಿವ್ರತಾ ಧರ್ಮವನ್ನು ಎತ್ತಿಹಿಡಿಯುತ್ತವೆ. ತಾವು ಬದುಕಿದ ಕಟ್ಟುಪಾಡುಗಳನ್ನು ಅವರು ಬರಹದಲ್ಲಿ ಪೂರ್ತಿ ಮುರಿಯಲಿಲ್ಲ. ಹಾಗಾದರೆ ಓದಿ ಏನು ಬದಲಾಯಿತು ಎಂದು ಒಬ್ಬ ಹುಡುಗ ಕೇಳಿದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಪುಸ್ತಕದ ಮೇಲೆ ಅವರ ಹೆಸರೇ ಬಂತಲ್ಲ ಎಂದು ಉತ್ತರಿಸಿದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

1982ರಲ್ಲಿ ತೀರಿಕೊಂಡಾಗ ತಿರುಮಲಾಂಬ ಅವರಿಗೆ 95 ವರ್ಷ. ಅಷ್ಟು ಹೊತ್ತಿಗೆ ಅವರು ಬರವಣಿಗೆಯಿಂದ ದೂರವಾಗಿ ಬಹಳ ಕಾಲವಾಗಿತ್ತು. ಓದುಗರು ಅವರನ್ನು ಮರೆತೂ ಇದ್ದರು. ಅನಂತರ ಮಹಿಳಾ ಸಾಹಿತ್ಯದ ಅಧ್ಯಯನಗಳು ಅವರ ಹೆಸರನ್ನು ಮತ್ತೆ ನಮ್ಮ ಮುಂದಿಟ್ಟವು.

ಹತ್ತು ನಿಮಿಷ ಎಂದುಕೊಂಡದ್ದು ಇಪ್ಪತ್ತಾಯಿತು. ಮಕ್ಕಳ ಮಾತಿಗೆ ಸಮಯ ಸಾಲಲಿಲ್ಲವೆಂದು ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಗುರುತು ಮಾಡಿದರು. ಒಪ್ಪತಕ್ಕ ಮಾತು. ನಾನು ಕಲಿತದ್ದು ಮತ್ತೂ ಒಂದಿದೆ. ವೆಂಕಟಕೃಷ್ಣ ಅಯ್ಯಂಗಾರ್ ಓದು ಬಲ್ಲವರು, ಮನೆಯಲ್ಲಿ ಪುಸ್ತಕವಿತ್ತು. ಅದು ಇಲ್ಲದ ಮನೆಗೆ ಅವರನ್ನು ಮಾದರಿಯೆಂದು ತೋರಿಸಿದರೆ ಆ ತಾಯಿಯ ತಲೆ ಇನ್ನಷ್ಟು ತಗ್ಗುತ್ತದೆ. ಆದರೆ ಮಗಳ ಓದಿಗೆ ಹೊತ್ತು ಕೊಡುವುದು, ಅವಳು ಓದುವಾಗ ಬೇರೆ ಕೆಲಸ ಹೇಳದಿರುವುದು, ಇವಕ್ಕೆ ಅಕ್ಷರ ಬೇಕಿಲ್ಲ.

ಮುಂದಿನ ವಾರ ಆ ತಾಯಿ ಸಿಕ್ಕಾಗ ಬೇರೆ ಮಾತು ಹೇಳಿದೆ: ಸಂಜೆ ಹೂ ಕಟ್ಟುವಾಗ ಮಗಳು ಪಕ್ಕದಲ್ಲಿ ಕುಳಿತು ಒಂದು ಪುಟ ಗಟ್ಟಿಯಾಗಿ ಓದಲಿ, ನೀವು ಕೇಳಿ, ಅರ್ಥವಾಗದಿದ್ದರೆ ಅವಳನ್ನೇ ಕೇಳಿ. ಹುಡುಗಿ ಒತ್ತಕ್ಷರಗಳಲ್ಲಿ ಈಗಲೂ ಎಡವುತ್ತಾಳೆ. ಆದರೆ ಅಭ್ಯಾಸ ಬೋಧನೆಯ ಕೊನೆಯ ದಿನ, ಕತೆಯೊಂದರ ಮುಂದಿನ ಭಾಗ ಅಮ್ಮನಿಗೆ ಬೇಕಂತೆ ಎಂದು ಗ್ರಂಥಾಲಯದ ಪುಸ್ತಕ ಕೇಳಿಕೊಂಡು ಬಂದಳು.