ಗಣಿತಜ್ಞ ಮಹಾವೀರಾಚಾರ್ಯರು

ಒಂದು ಗಳಿಗೆಯನ್ನು ಒಡೆಯುತ್ತ ಹೋದರೆ, ಇನ್ನು ಒಡೆಯಲಾಗದ ಕಾಲದ ಕಣವೊಂದು ಕೊನೆಗೆ ದೊರೆಯುವುದೇ? ಅಥವಾ ಕಾಲವು ತೈಲಧಾರೆಯಂತೆ ಎಲ್ಲಿಯೂ ಕಡಿಯದೆ ಹರಿಯುವುದೇ? ಮೊಳ, ಗೇಣು, ಅಂಗುಲಗಳಿಂದ ನಾವು ಅಳೆಯುವ ದೇಶದ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಗ್ರೀಸಿನ ಜೀನೋ ಮೊದಲಾದ ದಾರ್ಶನಿಕರನ್ನು ಕಾಡಿದ ಈ ಸಮಸ್ಯೆಯನ್ನು ಗಣಿತಗ್ರಂಥವೊಂದರ ಮೊದಲ ಅಧ್ಯಾಯದಲ್ಲಿಯೇ ಎದುರಿಸಿದವರು ಕನ್ನಡ ನಾಡಿನ ಮಹಾವೀರಾಚಾರ್ಯರು.

ಇವರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (ಕ್ರಿ.ಶ. 814-878) ಕಾಲದವರು. ‘ಕವಿರಾಜಮಾರ್ಗ’ವು ಹುಟ್ಟಿದ ಆ ಯುಗದಲ್ಲಿಯೇ, ಸುಮಾರು 850ರಲ್ಲಿ, ಒಂಬತ್ತು ಅಧ್ಯಾಯಗಳ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದರು. ತಮ್ಮ ಊರು, ಮನೆತನಗಳ ಬಗ್ಗೆ ಒಂದು ಮಾತನ್ನೂ ಅವರು ಬರೆದುಕೊಳ್ಳಲಿಲ್ಲ. ಜಿನನನ್ನೂ ದೊರೆಯನ್ನೂ ಸ್ತುತಿಸಿ, ಸಂಗೀತ, ಪಾಕಶಾಸ್ತ್ರ, ವೈದ್ಯಗಳಿಗೂ ಗಣಿತವೇ ಆಧಾರವೆಂದು ಸಾರಿ, ನೇರವಾಗಿ ವಿಷಯಕ್ಕೆ ಇಳಿದರು. ಜ್ಯೋತಿಷದಿಂದ ಬೇರ್ಪಡಿಸಿ ಗಣಿತಕ್ಕೇ ಮೀಸಲಾದ ಗ್ರಂಥ ಬರೆದುದು ಅವರ ಹಿರಿಮೆ.

ಆಚಾರ್ಯರು ಜೈನರು. ಜೈನಮತದಂತೆ, ಬೆಂಕಿ ನೀರುಗಳಿಂದ ನಾಶವಾಗದ ಪರಮಾಣುವೇ ದ್ರವ್ಯದ ಕೊನೆಯ ಅಂಶ. ಒಂದು ಪರಮಾಣು ಪಕ್ಕದ ಪರಮಾಣುವನ್ನು ದಾಟುವಷ್ಟು ಹೊತ್ತೇ ‘ಸಮಯ’. ಅದು ಕಾಲದ ಕೊನೆಯ ಅಂಶ. ಅಳತೆಗಳ ಪಟ್ಟಿಯನ್ನು ಅವರು ಇವುಗಳಿಂದಲೇ ಆರಂಭಿಸಿದರು. ಏಳು ಉಚ್ಛ್ವಾಸಗಳಿಗೆ ಒಂದು ಸ್ತೋಕ, ಏಳು ಸ್ತೋಕಗಳಿಗೆ ಒಂದು ಲವ, ಮೂವತ್ತೆಂಟೂವರೆ ಲವಗಳಿಗೆ ಒಂದು ಘಟಿ, ಎರಡು ಘಟಿಗಳಿಗೆ ಒಂದು ಮುಹೂರ್ತ. ಲೆಕ್ಕ ಹಾಕಿದರೆ 48 ನಿಮಿಷದ ಮುಹೂರ್ತಕ್ಕೆ 3,773 ಉಚ್ಛ್ವಾಸಗಳಾಗುತ್ತವೆ. ಆದರೆ ಕೆಳಗಿನ ಮೆಟ್ಟಿಲುಗಳನ್ನು ನೋಡಿ: ಎಷ್ಟು ‘ಸಮಯ’ಗಳು ಕೂಡಿದರೆ ಒಂದು ಆವಲಿ? ಅಸಂಖ್ಯಾತ! ಎಷ್ಟು ಪರಮಾಣುಗಳು ಕೂಡಿದರೆ ಒಂದು ಅಣು? ಅನಂತ! ನಂಬಿಕೆಯು ಕೊಟ್ಟ ಕಣವನ್ನು ಆಚಾರ್ಯರು ಬಿಡಲಿಲ್ಲ. ಆದರೆ ಎಣಿಸಲಾಗದುದಕ್ಕೆ ಸುಳ್ಳು ಸಂಖ್ಯೆಯನ್ನು ಕಟ್ಟಲೂ ಇಲ್ಲ.

ಭಿನ್ನರಾಶಿಗಳ ಅಧ್ಯಾಯದಲ್ಲಿ ಇದೇ ಲೇಖನಿ ಬೇರೊಂದು ದಾರಿ ಹಿಡಿಯಿತು. ಒಂದನ್ನು, ಅಂಶವು ಒಂದೇ ಆಗಿರುವ ಭಿನ್ನಗಳ ಮೊತ್ತವಾಗಿ, ಬೇಕಾದಷ್ಟು ಪದಗಳಲ್ಲಿ ಬರೆಯುವ ಸೂತ್ರವನ್ನು ಅವರು ಕೊಟ್ಟಿದ್ದಾರೆ. ನಾಲ್ಕು ಪದಗಳಾದರೆ 1/2, 1/3, 1/9, 1/18. ಪದಗಳು ಹೆಚ್ಚಿದಂತೆ ಕೊನೆಯ ತುಣುಕು ಕಿರಿದಾಗುತ್ತಲೇ ಹೋಗುತ್ತದೆ, ಇದಕ್ಕೆ ತಡೆಯಿಲ್ಲ. ಹೀಗೆ ದ್ರವ್ಯಕ್ಕೂ ಕಾಲಕ್ಕೂ ಕೊನೆಯ ಕಣವುಂಟು, ಸಂಖ್ಯೆಗೆ ಮಾತ್ರ ಇಲ್ಲ.

ಅವರು ಎಡವಿದ ಎಡೆಯೂ ಉಂಟು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಅವರು ಬರೆದುದು ತಪ್ಪು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ಅಲ್ಲಿ ಅನಂತವನ್ನು ಕಂಡರು.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದವು ಮದರಾಸಿನಲ್ಲಿ ಅಚ್ಚಾದಾಗ ಆಚಾರ್ಯರ ಹೆಸರು ಜಗತ್ತಿಗೆ ತಿಳಿಯಿತು.

ಇಂದಿನ ಭೌತವಿಜ್ಞಾನಿಗಳು ಪ್ಲಾಂಕ್ ಕಾಲವೆಂಬ ಅತಿ ಕಿರಿದಾದ ಅಳತೆಯನ್ನು ಹೇಳುತ್ತಾರೆ. ದಶಮಾಂಶ ಬಿಂದುವಿನ ಮುಂದೆ 43 ಸೊನ್ನೆಗಳನ್ನಿಟ್ಟು 54 ಎಂದು ಬರೆದರೆ ಅದು ಸೆಕೆಂಡಿನ ಎಷ್ಟನೆಯ ಪಾಲೆಂದು ತಿಳಿಯುತ್ತದೆ. ಅಷ್ಟು ಆಳಕ್ಕೆ ಯಾವ ಉಪಕರಣವೂ ಇಳಿದಿಲ್ಲ. ಕಾಲವು ಧಾರೆಯೋ ಕಣವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಎಣಿಕೆ ನಿಲ್ಲುವ ಎಡೆಯನ್ನು ಮರೆಮಾಚದೆ ತೋರಿಸಿದ ಆಚಾರ್ಯರ ಪ್ರಾಮಾಣಿಕತೆ ವಿದ್ಯಾರ್ಥಿಗಳಾದ ನಮಗೆ ಆದರ್ಶವಾಗಲಿ.