ಕಾಲೇಜು ಹುಡುಗರ ನಡುವೆ ಸಂತ ಇಗ್ನೇಷಿಯಸರು

ಯಗಟಿಯಂಥ ಊರಿನಿಂದ ಮಗನನ್ನು ಕಾಲೇಜಿಗೆ ಕಳಿಸುವ ತಂದೆತಾಯಿಗೆ ಓದಿನ ಬೆಲೆ ಗೊತ್ತು. ಮಳೆ ನಂಬಿ ಬಿತ್ತಿದ ರಾಗಿ, ತೋಟದ ತೆಂಗಿನಕಾಯಿ, ಸಾಲದೆ ಬಂದರೆ ಕೈಸಾಲ, ಇಷ್ಟೆಲ್ಲ ಸೇರಿ ಒಬ್ಬ ಹುಡುಗನ ಫೀಸು ಆಗುತ್ತದೆ. ಆ ಮಗ ಒಂದು ದಿನ ಪುಸ್ತಕಗಳನ್ನೆಲ್ಲ ಬೇರೆಯವರಿಗೆ ಕೊಟ್ಟು, ನಾನು ದೇವರ ಸೇವೆಗೆ ಹೊರಟೆ ಎಂದು ತಿಳಿಸಿದರೆ? ನಾವು ಎಷ್ಟೇ ದೈವಭಕ್ತರಾಗಿರಲಿ, ಎದೆ ಧಸಕ್ಕೆನ್ನದೆ ಇರದು. 1529ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಇಂಥದೇ ಪ್ರಸಂಗ ನಡೆದು ದೊಡ್ಡ ಗಲಾಟೆಯಾಯಿತು. ಅದಕ್ಕೆ ಕಾರಣರಾದವರು, ಪ್ರತಿವರ್ಷ ಜುಲೈ 31ರಂದು ನಾವು ಹಬ್ಬ ಆಚರಿಸುವ ಸಂತ ಲೊಯೋಲದ ಇಗ್ನೇಷಿಯಸರು.

1491ರಲ್ಲಿ ಸ್ಪೇನಿನ ಬಾಸ್ಕ್ ಸೀಮೆಯ ಸಿರಿವಂತ ಮನೆತನದಲ್ಲಿ ಹುಟ್ಟಿದ ಇವರು ಯೌವನದಲ್ಲಿ ಕತ್ತಿ, ಕೀರ್ತಿಗಳ ಬೆನ್ನು ಹತ್ತಿದವರು. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಕಾಲನ್ನು ಮುರಿಯಿತು. ಹಾಸಿಗೆಯಲ್ಲಿ ಮಲಗಿ ಕ್ರಿಸ್ತರ ಮತ್ತು ಸಂತರ ಚರಿತ್ರೆಗಳನ್ನು ಓದಿದಾಗ ಮನಸ್ಸು ತಿರುಗಿತು. ಅದು ಎಲ್ಲರಿಗೂ ತಿಳಿದ ಕಥೆ. ಅಷ್ಟಾಗಿ ಹೇಳದೆ ಉಳಿದಿರುವುದು ಅವರ ವಿದ್ಯಾರ್ಥಿ ಜೀವನ. ಮೂವತ್ತು ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಪುಟ್ಟ ಹುಡುಗರ ಜೊತೆ ಬೆಂಚಿನ ಮೇಲೆ ಕುಳಿತು ಲತೀನ್ ವ್ಯಾಕರಣ ಕಲಿತರು. ಬಳಿಕ ಆಲ್ಕಲಾ ವಿಶ್ವವಿದ್ಯಾಲಯ. ಓದುತ್ತಲೇ ಜನರಿಗೆ ಪ್ರಾರ್ಥನೆ ಕಲಿಸುತ್ತಿದ್ದುದರಿಂದ ಅಧಿಕಾರಿಗಳಿಗೆ ಸಂಶಯ ಹುಟ್ಟಿತು. 42 ದಿನ ಸೆರೆಯಲ್ಲಿಟ್ಟರು. ಸಲಮಾಂಕಾಕ್ಕೆ ಹೋದರೆ ಅಲ್ಲಿಯೂ ಸರಪಳಿ ಹಾಕಿ 22 ದಿನ ಸೆರೆ. ಬೋಧನೆಯಲ್ಲಿ ತಪ್ಪೇನೂ ಕಾಣಲಿಲ್ಲ.

1528ರ ಫೆಬ್ರವರಿಯಲ್ಲಿ ಪ್ಯಾರಿಸ್ ಸೇರಿದರು. ಕೈಯಲ್ಲಿದ್ದ ಹಣವನ್ನು ಜೊತೆಗಿದ್ದ ಒಬ್ಬ ವಿದ್ಯಾರ್ಥಿಯ ಬಳಿ ಇಡಲು ಕೊಟ್ಟರು. ಅವನು ಅದನ್ನು ಖರ್ಚು ಮಾಡಿಬಿಟ್ಟ. ಇಗ್ನೇಷಿಯಸರು ಬಡವರ ಛತ್ರದಲ್ಲಿ ಮಲಗಿ, ಭಿಕ್ಷೆ ಬೇಡಿ ಓದಬೇಕಾಯಿತು.

ಆಗಲೇ ಪೆರಾಲ್ಟಾ, ಕಾಸ್ತ್ರೊ, ಅಮಾದೋರ್ ಎಂಬ ಮೂವರು ಸ್ಪೇನಿನ ವಿದ್ಯಾರ್ಥಿಗಳು ಅವರಿಂದ ಧ್ಯಾನ ಕಲಿತರು. ಕಲಿತವರು ಸುಮ್ಮನಿರಲಿಲ್ಲ. ಇದ್ದುದನ್ನೆಲ್ಲ, ಪುಸ್ತಕಗಳನ್ನೂ ಬಿಡದೆ, ದಾನ ಮಾಡಿ ಛತ್ರ ಸೇರಿ ಭಿಕ್ಷೆಗಿಳಿದರು. ಗೆಳೆಯರು ಆಯುಧ ಹಿಡಿದು ನುಗ್ಗಿ ಅವರನ್ನು ಎಳೆದು ತಂದರು. ಓದು ಮುಗಿಸಿದ ಮೇಲೆ ಬೇಕಾದ್ದು ಮಾಡಲಿ ಎಂದು ರಾಜಿಯಾಯಿತು. ಅಮಾದೋರ್ ಓದುತ್ತಿದ್ದ ಸಂತ ಬಾರ್ಬರಾ ಕಾಲೇಜಿನ ಮುಖ್ಯಸ್ಥ ಗೌವೇಯ ಅವರಂತೂ, ಹುಡುಗನ ತಲೆ ಕೆಡಿಸಿದವನು ಇತ್ತ ಬಂದರೆ ಎಲ್ಲರೆದುರು ಹೊಡೆಸುತ್ತೇನೆ ಎಂದು ಗುಡುಗಿದರು. ಆ ಮೂವರಲ್ಲಿ ಒಬ್ಬರೂ ಮುಂದೆ ಇಗ್ನೇಷಿಯಸರ ಜೊತೆ ಉಳಿಯಲಿಲ್ಲ. ನನಗನಿಸುವಂತೆ, ಆ ಗೆಳೆಯರ ಸಿಟ್ಟಿನಲ್ಲೂ ಸ್ವಲ್ಪ ನ್ಯಾಯವಿತ್ತು.

ಇಗ್ನೇಷಿಯಸರು ಆಗ ಮಾಡಿದ್ದನ್ನು ಕೇಳಿ. ಅವರ ಹಣ ಕಳೆದಿದ್ದ ಆ ವಿದ್ಯಾರ್ಥಿ ರೂಆಂ ಪಟ್ಟಣದಲ್ಲಿ ಕಾಯಿಲೆ ಬಿದ್ದಿದ್ದಾನೆಂದು ತಿಳಿಯಿತು. ಮೂರು ದಿನದ ದಾರಿಯನ್ನು ಬರಿಗಾಲಲ್ಲಿ, ಅನ್ನ ನೀರಿಲ್ಲದೆ ನಡೆದು ಹೋಗಿ, ಅವನನ್ನು ಸಂತೈಸಿ, ಊರಿಗೆ ಹೋಗುವ ಹಡಗು ಹತ್ತಲು ನೆರವಾದರು. ಹಿಂತಿರುಗಿ ತಾವಾಗಿಯೇ ಧರ್ಮವಿಚಾರಣಾಧಿಕಾರಿಯ ಮುಂದೆ ನಿಂತರು. ಆಮೇಲೆ, ಹೊಡೆಸುತ್ತೇನೆಂದ ಅದೇ ಕಾಲೇಜಿಗೆ ಓದಲು ಸೇರಿದರು!

ಅಲ್ಲಿಯೂ ತಂಟೆ ತಪ್ಪಲಿಲ್ಲ. ಭಾನುವಾರದ ಚರ್ಚಾಕೂಟಗಳನ್ನು ಬಿಟ್ಟು ಹುಡುಗರು ಪಾಪನಿವೇದನೆಗೂ ಪರಮಪ್ರಸಾದಕ್ಕೂ ಹೋಗತೊಡಗಿದರು. ಹೊಡೆತಕ್ಕೆ ದಿನ ಗೊತ್ತಾಯಿತು. ಇಗ್ನೇಷಿಯಸರು ತಪ್ಪಿಸಿಕೊಳ್ಳದೆ ನೇರ ಗೌವೇಯರ ಕೋಣೆಗೆ ಹೋದರು. ತಾನು ಏಟು ತಿನ್ನಲು ಸಿದ್ಧ, ಆದರೆ ಎಳೆಯರು ಇದನ್ನು ಕಂಡು ಭಕ್ತಿಯಿಂದಲೇ ಹಿಂಜರಿದಾರು ಎಂದು ವಿನಯದಿಂದ ತಿಳಿಸಿದರು. ಗೌವೇಯರು ಅವರ ಕೈ ಹಿಡಿದು ಸಭೆಗೆ ಕರೆತಂದು ಕ್ಷಮೆ ಬೇಡಿದರೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ.

ಆ ಕಾಲೇಜಿನಲ್ಲಿ ಇವರ ಕೋಣೆಯಲ್ಲಿದ್ದವರು 1506ರಲ್ಲಿ ಹುಟ್ಟಿದ ಇಬ್ಬರು ಯುವಕರು. ಪೀಟರ್ ಫಾಬರ್ ಸವೋಯ್ ಬೆಟ್ಟಸೀಮೆಯ ರೈತನ ಮಗ, ಬಾಲ್ಯದಲ್ಲಿ ಕುರಿ ಕಾಯ್ದವನು. ಇಗ್ನೇಷಿಯಸರಿಗೆ ಪಾಠ ಹೇಳಿಕೊಟ್ಟವನೂ ಅವನೇ. ಮದುವೆಯೋ, ವೈದ್ಯನೋ, ವಕೀಲನೋ, ಗುರುವೋ ಎಂದು ಅವನ ಮನಸ್ಸು ಹೊಯ್ದಾಡುತ್ತಿತ್ತು. ಈ ಸಲ ಇಗ್ನೇಷಿಯಸರು ಅವಸರ ಮಾಡಲಿಲ್ಲ. ಸುಮಾರು ನಾಲ್ಕು ವರ್ಷ ಕಾದರು. ಫಾಬರ್ ಊರಿಗೆ ಹೋಗಿ ತಂದೆಯ ಬಳಿ ಏಳು ತಿಂಗಳು ಇದ್ದು ಬಂದ ಮೇಲೆಯೇ, 1534ರಲ್ಲಿ, ಅವನಿಗೆ ಪೂರ್ಣ ಧ್ಯಾನಸಾಧನೆ ಮಾಡಿಸಿದರು. ಇನ್ನೊಬ್ಬ ಫ್ರಾನ್ಸಿಸ್ ಕ್ಸೇವಿಯರ್. ಆಟದಲ್ಲಿ ಮುಂದು, ಪದವಿಯ ಆಸೆಯೂ ಮುಂದು. ಈ ಮುದಿ ವಿದ್ಯಾರ್ಥಿಯನ್ನು ಕಂಡರೆ ಅವನಿಗೆ ನಗೆ. ಅವನಿಗೆ ಇಗ್ನೇಷಿಯಸರು ಹಣದ ಅಡಚಣೆಯಲ್ಲಿ ನೆರವಾದರು, ಪಾಠಕ್ಕೆ ಶಿಷ್ಯರನ್ನು ಹುಡುಕಿ ತಂದರು. ಮನಸ್ಸು ಗೆಲ್ಲಲು ವರ್ಷಗಳೇ ಹಿಡಿದವು.

1534ರ ಆಗಸ್ಟ್ 15, ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬ. ಮೊಂಮಾರ್ತ್ರ ಗುಡ್ಡದ ಗುಡಿಯಲ್ಲಿ ಏಳು ಮಂದಿ ಪ್ರತಿಜ್ಞೆ ಮಾಡಿದರು. ಆಗ ಅವರಲ್ಲಿ ಗುರುದೀಕ್ಷೆ ಪಡೆದಿದ್ದವರು ಫಾಬರ್ ಒಬ್ಬರೇ. ಬಲಿಪೂಜೆ ಅರ್ಪಿಸಿದವರೂ ಅವರೇ. 2013ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. 1540ರ ಸೆಪ್ಟೆಂಬರ್ 27ರಂದು ಪೋಪ್ ಮೂರನೆಯ ಪೌಲರು ಯೇಸುಸಭೆಗೆ ಒಪ್ಪಿಗೆಯಿತ್ತರು.

ಇಷ್ಟರಲ್ಲಿ ಗೌವೇಯರು ಏನು ಮಾಡಿದರು ಗೊತ್ತೇ? 1538ರಲ್ಲಿ ಪೋರ್ಚುಗಲಿನ ದೊರೆಗೆ ಪತ್ರ ಬರೆದು, ಭಾರತಕ್ಕೆ ಕಳಿಸಲು ಇಗ್ನೇಷಿಯಸರ ಗುಂಪಿನವರೇ ತಕ್ಕವರೆಂದು ಶಿಫಾರಸು ಮಾಡಿದರು. ಬೊಬಾದಿಯಾ ಎಂಬವರು ಹೊರಡಬೇಕಿತ್ತು, ಕಾಯಿಲೆಯಾಯಿತು. ಅವರ ಬದಲು ಕ್ಸೇವಿಯರರು ಹೊರಟು 1542ರ ಮೇ 6ರಂದು ಗೋವೆಗೆ ಬಂದಿಳಿದರು. 1556ರಲ್ಲಿ ರೋಮಿನಲ್ಲಿ ತೀರಿಕೊಂಡ ಇಗ್ನೇಷಿಯಸರು ಆ ಕೋಣೆಯ ಗೆಳೆಯನನ್ನು ಮತ್ತೆ ಕಾಣಲಿಲ್ಲ. 1878ರ ಡಿಸೆಂಬರ್ 31ರಂದು ಅವರ ಸಭೆಯ ಗುರುಗಳು ಮಂಗಳೂರಿಗೆ ಬಂದರು. 1880ರ ಜನವರಿಯಲ್ಲಿ ಅಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಮೊದಲ ತರಗತಿಗಳು ಆರಂಭವಾದವು.