ಫ್ರಾಯ್ಡ್ ಮತ್ತು ಸಿಗಾರ್: ಅಂಗುಳದ ಮೇಲಿನ ಬಿಳಿ ಮಚ್ಚೆ

ನಿಮ್ಮ ಮನೆಯಲ್ಲೋ ಸ್ನೇಹಿತರಲ್ಲೋ ದುಬಾರಿ ಸಿಗಾರ್ ಸವಿಯುವ ಹವ್ಯಾಸದವರು ಇದ್ದರೆ ಎರಡು ಮಾತು ನಿಮ್ಮ ಕಿವಿಗೆ ಬಿದ್ದಿರುತ್ತದೆ. ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿ ರುಚಿ ನೋಡಿ ಬಿಟ್ಟುಬಿಡುತ್ತೇನೆ ಎನ್ನುವುದು ಒಂದು. ಇದು ಬೀದಿ ಬದಿಯ ಸಿಗರೇಟ್ ಅಲ್ಲ, ಕಲಬೆರಕೆಯಿಲ್ಲದ ಎಲೆ ಎನ್ನುವುದು ಇನ್ನೊಂದು. ಸಿಗಾರ್ ವಿಷಯದಲ್ಲಿ ತುಂಬ ನಾಜೂಕಿನ ರುಚಿ ಇದ್ದ, ಜೊತೆಗೆ ಸ್ವತಃ ವೈದ್ಯರೂ ಆಗಿದ್ದ ಒಬ್ಬರ ಬದುಕನ್ನು ಇವತ್ತು ನೋಡೋಣ. ಅವರು ಮನೋವಿಶ್ಲೇಷಣೆಯ ಪಿತಾಮಹ ಸಿಗ್ಮಂಡ್ ಫ್ರಾಯ್ಡ್.

ಫ್ರಾಯ್ಡ್ ಹುಟ್ಟಿದ್ದು 1856ರಲ್ಲಿ, ಈಗಿನ ಚೆಕ್ ದೇಶದಲ್ಲಿರುವ ಒಂದು ಸಣ್ಣ ಊರಿನಲ್ಲಿ. ಬೆಳೆದದ್ದು, ಓದಿದ್ದು, ಸುಮಾರು ಎಂಟು ದಶಕ ಬದುಕಿದ್ದು ವಿಯೆನ್ನಾದಲ್ಲಿ. ಅವರ ತಂದೆ ಕೂಡ ತುಂಬ ಸೇದುತ್ತಿದ್ದವರು. ಮಗ 24ನೇ ವಯಸ್ಸಿನಲ್ಲಿ ಸಿಗರೇಟಿನಿಂದ ಶುರುಮಾಡಿ, ಬೇಗನೆ ಸಿಗಾರಿಗೆ ಬಂದರು. ಕ್ರಮೇಣ ದಿನಕ್ಕೆ ಸುಮಾರು 20 ಸಿಗಾರ್ ಆಯಿತು. ಸಿಗಾರ್ ಇಲ್ಲದೆ ಬರೆಯಲು ಆಗುವುದಿಲ್ಲ, ಯೋಚನೆ ಓಡುವುದಿಲ್ಲ ಎಂದು ಅವರು ನಂಬಿದ್ದರು.

ಕೈಗೆ ಸಿಕ್ಕಿದ್ದನ್ನು ಸೇದುವವರಲ್ಲ ಅವರು. ಆಗ ಆಸ್ಟ್ರಿಯಾದಲ್ಲಿ ತಂಬಾಕು ಸರಕಾರದ ಏಕಸ್ವಾಮ್ಯ. ಸರಕಾರಿ ಸಿಗಾರ್‌ಗಳಲ್ಲಿ ಟ್ರಬುಕೋ ಎಂಬ ಸಣ್ಣ, ಮೃದು ಜಾತಿಯದು ಅವರ ಆಯ್ಕೆ. ಆದರೆ ಮನಸ್ಸಿಗೆ ಹಿಡಿದದ್ದು ಡಾನ್ ಪೆದ್ರೋ, ರೈನಾ ಕುಬಾನಾ, ಹಾಲೆಂಡಿನ ಲಿಲಿಪುಟಾನೋ. ಗಡಿಯಾಚೆ ಜರ್ಮನಿಗೆ ಹೋದಾಗ, ಸ್ನೇಹಿತರು ಬರುವಾಗ ಅವನ್ನು ತರಿಸಿಕೊಳ್ಳುತ್ತಿದ್ದರು. ದಿನದ ನಡಿಗೆಯ ದಾರಿಯಲ್ಲೇ ಅವರ ಕಾಯಂ ತಂಬಾಕಿನಂಗಡಿ ಇತ್ತು. 1902ರಿಂದ ಪ್ರತಿ ಬುಧವಾರ ಸಂಜೆ ಅವರ ಮನೆಯಲ್ಲಿ ಶಿಷ್ಯರು ಸೇರುತ್ತಿದ್ದಾಗ ಕಾಫಿಯ ಜೊತೆ ಸಿಗಾರ್ ಇರಲೇಬೇಕಿತ್ತು. ಹದಿಹರೆಯದ ಸೋದರಳಿಯನೊಬ್ಬ ಸಿಗಾರ್ ಬೇಡವೆಂದಾಗ, ಇಂಥ ಅಗ್ಗದ ಸುಖವನ್ನು ಕಳೆದುಕೊಳ್ಳುತ್ತಿದ್ದೀಯಲ್ಲ ಎಂದು ಅವನ ಬಗ್ಗೆ ಮರುಗಿದವರು ಅವರು. ಸಿಗಾರ್ ಕೆಲವೊಮ್ಮೆ ಬರೀ ಸಿಗಾರ್ ಅಷ್ಟೇ ಎಂಬ ತಮಾಷೆಯ ಮಾತನ್ನು ಅವರ ಹೆಸರಿಗೆ ಹಚ್ಚುತ್ತಾರೆ, ಆದರೆ ಅವರು ಬರೆದದ್ದರಲ್ಲಿ ಅದು ಎಲ್ಲೂ ಇಲ್ಲ.

ಇಲ್ಲಿ ಸ್ವಲ್ಪ ನಿಂತು ಈ ಹವ್ಯಾಸವನ್ನೇ ನೋಡೋಣ. ಒಳ್ಳೆಯ ಸಿಗಾರಿನಲ್ಲಿ ಮೂರು ಭಾಗ: ಒಳಗೆ ತುಂಬಿದ ಎಲೆ, ಅದನ್ನು ಹಿಡಿದಿಡುವ ಎಲೆ, ಹೊರಗಿನ ನಯವಾದ ಹೊದಿಕೆ ಎಲೆ. ರುಚಿ ನೋಡುವವರು ಮೊದಲು ಹೊದಿಕೆಯ ಬಣ್ಣ, ಎಣ್ಣೆಯ ಹೊಳಪು ನೋಡುತ್ತಾರೆ. ಬೆರಳಲ್ಲಿ ಮೆಲ್ಲಗೆ ಒತ್ತುತ್ತಾರೆ, ಮೂಸುತ್ತಾರೆ, ತುದಿ ಕತ್ತರಿಸಿ ಹಚ್ಚುವ ಮೊದಲೇ ಒಮ್ಮೆ ಎಳೆದು ನೋಡುತ್ತಾರೆ. ಹಚ್ಚಿದ ಮೇಲೆ ಮೊದಲ, ನಡು, ಕೊನೆ ಎಂದು ಮೂರು ಪಾಲು ಮಾಡಿ, ಕಾಫಿ, ಕೋಕೋ, ಚರ್ಮ, ಮೆಣಸು, ದೇವದಾರು ಎಂದು ಪರಿಮಳ ಗುರುತು ಹಾಕಿ, ಬೂದಿ ಎಷ್ಟು ಹೊತ್ತು ಉದುರದೆ ನಿಂತಿತು ಎಂದು ನೋಡಿ ಅಂಕ ಕೊಡುತ್ತಾರೆ. ಹೊಗೆಯನ್ನು ಬಾಯಲ್ಲಿ ನಿಲ್ಲಿಸಿ ಆಡಿಸುವುದು, ಸ್ವಲ್ಪವನ್ನು ಮೂಗಿನಿಂದ ಹೊರಬಿಡುವುದು ಈ ಪರೀಕ್ಷೆಯ ಮುಖ್ಯ ಭಾಗ.

ತೊಂದರೆ ಇರುವುದು ಅಲ್ಲೇ. ಸಿಗರೇಟಿನ ಹೊಗೆ ಸ್ವಲ್ಪ ಆಮ್ಲ ಗುಣದ್ದು, ಅದರ ನಿಕೋಟಿನ್ ಹೆಚ್ಚಾಗಿ ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತದೆ. ಸಿಗಾರ್ ಹೊಗೆ ಕ್ಷಾರ ಗುಣದ್ದು. ಕ್ಷಾರದಲ್ಲಿ ನಿಕೋಟಿನ್ ಬಾಯಿಯ ಒಳಪದರವನ್ನೇ ದಾಟಿ ರಕ್ತ ಸೇರುತ್ತದೆ, ಎದೆಗೆ ಎಳೆಯಲೇಬೇಕೆಂದಿಲ್ಲ. ಒಂದು ದೊಡ್ಡ ಸಿಗಾರಿನಲ್ಲಿ ಇಡೀ ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು, ಸೇದಿ ಮುಗಿಸಲು ಒಂದು ಗಂಟೆಯೂ ಹಿಡಿಯಬಹುದು. ಎಲೆಯನ್ನು ರಾಶಿ ಹಾಕಿ ತಿಂಗಳುಗಟ್ಟಲೆ ಹುದುಗಿಸುತ್ತಾರಲ್ಲ, ರುಚಿ ಬರುವುದು ಅದರಿಂದಲೇ. ಆದರೆ ಕ್ಯಾನ್ಸರ್ ತರುವ ನೈಟ್ರೋಸಮೈನ್‌ಗಳು ಹೆಚ್ಚುವುದೂ ಅದೇ ಹಂತದಲ್ಲಿ. ಎಲೆ ಅಪ್ಪಟವಾದರೆ ವಿಷ ಕಡಿಮೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಫ್ರಾಯ್ಡ್ ಅವರಿಗೆ ಮೊದಲ ಎಚ್ಚರಿಕೆ ಬಂದದ್ದು ಬಾಯಿಂದಲ್ಲ, ಹೃದಯದಿಂದ. 1894ರಲ್ಲಿ ಎದೆಬಡಿತ ಏರುಪೇರಾಗಿ, ಎದೆ ಉರಿಯುವಂತಾಯಿತು. ಬರ್ಲಿನ್‌ನಲ್ಲಿದ್ದ ಸ್ನೇಹಿತ, ಕಿವಿ-ಮೂಗು-ಗಂಟಲು ವೈದ್ಯ ವಿಲ್ಹೆಲ್ಮ್ ಫ್ಲೀಸ್ ಸಿಗಾರ್ ಬಿಡಲೇಬೇಕು ಎಂದರು. ಬಿಟ್ಟರು. ಬಿಟ್ಟಾಗ ಮಂಕು ಕವಿಯಿತು, ಉಸಿರು ಕಟ್ಟಿದಂತಾಯಿತು, ಸಾವಿನ ಯೋಚನೆಗಳೇ ಮುತ್ತಿದವು. ಮತ್ತೆ ಹಿಡಿದರು. ಮುಂದೆ 1926ರಲ್ಲಿ, 1930ರಲ್ಲಿ ಎದೆನೋವು ಬಂದಾಗಲೂ ಹೀಗೇ: ಕೆಲವು ದಿನ ಬಿಡುವುದು, ಮತ್ತೆ ಹಚ್ಚುವುದು. ತಂಬಾಕು ಒಂದು ಚಟ, ಅದು ಬೇರೆ ಯಾವುದೋ ಹಳೆಯ ಚಟದ ಬದಲಿ ಎಂದು 1897ರಲ್ಲೇ ಫ್ಲೀಸ್‌ಗೆ ಪತ್ರ ಬರೆದವರೂ ಅವರೇ. ಕಾರಣ ಗೊತ್ತಿದ್ದ ಮಾತ್ರಕ್ಕೆ ಕೈ ಬಿಡಲಿಲ್ಲ.

ಇದನ್ನು ಓದಿ ನಿಮ್ಮ ಮನೆಯವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ನಿಕೋಟಿನ್ ನಿಂತಾಗ ಬರುವ ಸಿಡುಕು, ಮಂಕು, ನಿದ್ದೆಗೇಡು ನಾಟಕವಲ್ಲ. ಫ್ರಾಯ್ಡ್ ಅವರ ಕಾಲದಲ್ಲಿ ಅದಕ್ಕೆ ಔಷಧಿ ಇರಲಿಲ್ಲ, ಈಗ ಇದೆ. ಎರಡು ಮಿಲಿಗ್ರಾಂ ನಿಕೋಟಿನ್ ಚೂಯಿಂಗ್ ಗಮ್ ಚೀಟಿಯಿಲ್ಲದೆಯೂ ಸಿಗುತ್ತದೆ. ಆದರೆ ಹೆಚ್ಚಿನವರು ಅದನ್ನು ಬಬಲ್ ಗಮ್ಮಿನಂತೆ ಅಗಿದು, ಕೆಲಸ ಮಾಡಲಿಲ್ಲ ಎಂದು ಎಸೆಯುತ್ತಾರೆ. ನಾಲ್ಕಾರು ಬಾರಿ ಅಗಿದು, ನಾಲಿಗೆ ಜುಮ್ಮೆಂದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು, ಜುಮ್ಮೆನ್ನುವುದು ನಿಂತ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಮೊದಲು 15 ನಿಮಿಷ ಕಾಫಿ, ಸೋಡಾ, ಹಣ್ಣಿನ ರಸ ಬೇಡ. ಅವು ಬಾಯನ್ನು ಆಮ್ಲವಾಗಿಸಿ ನಿಕೋಟಿನ್ ಒಳಹೋಗದಂತೆ ಮಾಡುತ್ತವೆ. ಸಿಗಾರ್ ಹೊಗೆ ಬಾಯಿಂದಲೇ ರಕ್ತ ಸೇರುವ ಗುಟ್ಟೇ ಇಲ್ಲಿ ಔಷಧಿಯಾಗಿ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ರಾಷ್ಟ್ರೀಯ ತಂಬಾಕು ನಿಲುಗಡೆ ಸಹಾಯವಾಣಿ 1800-11-2356, ಕರೆಗೆ ದುಡ್ಡಿಲ್ಲ.

ಮೊದಲ ಮಹಾಯುದ್ಧದಲ್ಲಿ ವಿಯೆನ್ನಾದಲ್ಲಿ ಸಿಗಾರ್ ಸಿಗುವುದೇ ಕಷ್ಟವಾಯಿತು. 1917ರಲ್ಲಿ, ಸಿಗಾರ್ ಇಲ್ಲದ ದಿನಗಳಲ್ಲಿ, ಅಂಗುಳ ಊದಿಕೊಂಡು ನೋವಾಯಿತು. ರೋಗಿಯೊಬ್ಬರು 50 ಸಿಗಾರ್ ತಂದುಕೊಟ್ಟರು, ಒಂದು ಹಚ್ಚಿದ ಮೇಲೆ ನೋವು ಇಳಿಯಿತು ಎಂದು ಸ್ನೇಹಿತರಿಗೆ ಬರೆದರು. ಅಂಗುಳ ಕೊಟ್ಟ ಸೂಚನೆಯನ್ನು ಅವರು ತಲೆಕೆಳಗಾಗಿ ಓದಿದರು.

1923ರ ಫೆಬ್ರವರಿಯಲ್ಲಿ ಬಲಗಡೆಯ ಅಂಗುಳ ಮತ್ತು ದವಡೆಯ ಮೇಲೆ ಬಿಳಿ ಮಚ್ಚೆಯಂಥದ್ದು ಕಾಣಿಸಿತು. ಇದಕ್ಕೆ ಲ್ಯೂಕೋಪ್ಲಾಕಿಯಾ ಎನ್ನುತ್ತಾರೆ. ಸಿಗಾರ್ ಬಿಡಿಸುತ್ತಾರೆ ಎಂಬ ಭಯದಿಂದ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಏಪ್ರಿಲ್‌ನಲ್ಲಿ ನೋಡಿದ ಡಾ. ಫೆಲಿಕ್ಸ್ ಡಾಯ್ಚ್ ಅವರಿಗೆ ಇದು ಕ್ಯಾನ್ಸರ್ ಎಂದು ಹೊಳೆಯಿತು. ಆದರೆ ನೋವು ಮಿತಿಮೀರಿದರೆ ಗೌರವದಿಂದ ಸಾಯಲು ಸಹಾಯ ಮಾಡಬೇಕು ಎಂದು ಫ್ರಾಯ್ಡ್ ಕೇಳಿದ್ದರಿಂದ, ಆತ್ಮಹತ್ಯೆ ಮಾಡಿಕೊಂಡಾರೆಂದು ಹೆದರಿ, ಬರೀ ಲ್ಯೂಕೋಪ್ಲಾಕಿಯಾ ಎಂದರು. ಹೀಗೆ ರೋಗಿ ವೈದ್ಯರಿಂದ ಮುಚ್ಚಿಟ್ಟದ್ದು ಒಂದು, ವೈದ್ಯರು ರೋಗಿಯಿಂದ ಮುಚ್ಚಿಟ್ಟದ್ದು ಇನ್ನೊಂದು.

ಅದೇ ತಿಂಗಳು ಮನೆಯವರಿಗೂ ತಿಳಿಸದೆ ಒಂದು ಚಿಕಿತ್ಸಾಲಯದಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಹೆಂಡತಿ ಮಾರ್ಥಾ, ಮಗಳು ಆನಾ ಓಡಿಬಂದಾಗ ಬಟ್ಟೆಯೆಲ್ಲ ರಕ್ತವಾಗಿತ್ತು. ಊಟದ ಹೊತ್ತಿಗೆ ಅವರಿಬ್ಬರನ್ನೂ ಮನೆಗೆ ಕಳಿಸಿದರು. ಅಷ್ಟರಲ್ಲಿ ಮತ್ತೆ ರಕ್ತ ಸುರಿಯಿತು, ಕರೆಗಂಟೆ ಕೆಟ್ಟಿತ್ತು, ಅದೇ ಕೋಣೆಯಲ್ಲಿದ್ದ ಕುಬ್ಜ ರೋಗಿಯೊಬ್ಬ ಓಡಿಹೋಗಿ ದಾದಿಯನ್ನು ಕರೆತಂದ. ಆ ರಾತ್ರಿ ಆನಾ ತಂದೆಯ ಪಕ್ಕದಿಂದ ಕದಲಲಿಲ್ಲ. ಮುಂದಿನ 16 ವರ್ಷ ಆರೈಕೆಯ ಹೊಣೆ ಅವರದೇ.

ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಆಗಲೂ ಹೇಳಲಿಲ್ಲ. ಜೂನ್‌ನಲ್ಲಿ ಅಚ್ಚುಮೆಚ್ಚಿನ ನಾಲ್ಕು ವರ್ಷದ ಮೊಮ್ಮಗ ಕ್ಷಯದಿಂದ ತೀರಿಕೊಂಡಿದ್ದ, ಇಂಥ ಹೊತ್ತಿನಲ್ಲಿ ಹೇಗೆ ಹೇಳುವುದು ಎಂಬ ಸಂಕಟ ಬೇರೆ. ಆಗಸ್ಟ್‌ನಲ್ಲಿ ಆಪ್ತ ಶಿಷ್ಯರಿಗೂ ವಿಷಯ ಗೊತ್ತಾಯಿತು, ಅವರೂ ಸುಮ್ಮನಿದ್ದರು. ಆನಾ ಜೊತೆ ರೋಮ್‌ಗೆ ಹೋಗುವ ದಾರಿಯಲ್ಲಿ ರೈಲಿನಲ್ಲೇ ಬಾಯಿಂದ ರಕ್ತ ಬಂತು. ತಾನೊಬ್ಬನಿಗೇ ತಿಳಿಸದೆ ಎಲ್ಲರೂ ಸೇರಿ ಮುಚ್ಚಿಟ್ಟರು ಎಂದು ಗೊತ್ತಾದಾಗ ಫ್ರಾಯ್ಡ್ ಅವರಿಗೆ ಕ್ಯಾನ್ಸರಿಗಿಂತ ಅದೇ ಹೆಚ್ಚು ನೋವು ಕೊಟ್ಟಿತು ಅನ್ನಿಸುತ್ತದೆ. ಡಾಯ್ಚ್ ಅವರ ವೈದ್ಯರಾಗಿ ಉಳಿಯಲಿಲ್ಲ. ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ ಎನ್ನುವ ಮಾತು ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಅದರ ಹಿಂದಿರುವುದು ಪ್ರೀತಿ, ಸರಿಯೇ. ಆದರೆ ರೋಗಿಗೆ ಗೊತ್ತಾಗುವ ದಿನ ಬಂದೇ ಬರುತ್ತದೆ, ಆಗ ನಿಮ್ಮ ಮೇಲಿನ ನಂಬಿಕೆ ಉಳಿದಿರಬೇಕು.

ಅಕ್ಟೋಬರ್‌ನಲ್ಲಿ ಡಾ. ಹಾನ್ಸ್ ಪಿಖ್ಲರ್ ಎರಡು ಹಂತದಲ್ಲಿ ಬಲಭಾಗದ ಮೇಲ್ದವಡೆ ಮತ್ತು ಅಂಗುಳದ ದೊಡ್ಡ ಭಾಗ ತೆಗೆದರು. ಬಾಯಿ, ಮೂಗು ಒಂದೇ ಆಗಿಬಿಟ್ಟಿತು. ಮಾತಾಡಲು, ತಿನ್ನಲು ಆ ಸಂದಿಯನ್ನು ಮುಚ್ಚುವ ದೊಡ್ಡ ದಂತಪಟ್ಟಿ ಬೇಕಾಯಿತು, ಮನೆಯಲ್ಲಿ ಅದಕ್ಕೆ ರಾಕ್ಷಸ ಎಂದೇ ಹೆಸರು. ಹಾಕುವುದೂ ತೆಗೆಯುವುದೂ ಹಿಂಸೆ, ಆನಾ ಸಹಾಯ ಮಾಡುತ್ತಿದ್ದರು. ಮರುಕದ ಮಾತು, ಕಣ್ಣೀರು ಬೇಡ ಎಂದು ತಂದೆ-ಮಗಳು ಮೊದಲೇ ಮಾತಾಡಿಕೊಂಡಿದ್ದರು. ಬಲಗಿವಿ ಮಂದವಾದ್ದರಿಂದ ರೋಗಿಗಳ ಮಾತು ಎಡಗಿವಿಗೆ ಬೀಳುವಂತೆ ಕೋಣೆಯ ಪೀಠೋಪಕರಣವನ್ನೇ ತಿರುಗಿಸಿದರು. ಒಟ್ಟು 30ಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳಾದವು. ಸಿಗಾರ್ ಮಾತ್ರ ನಿಲ್ಲಲಿಲ್ಲ, ಹೊಸ ಹೊಸ ಮಚ್ಚೆಗಳು ಬರುವುದೂ ನಿಲ್ಲಲಿಲ್ಲ.

ಆಂಧ್ರದ ಕರಾವಳಿಯಲ್ಲಿ ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ರೂಢಿ ಇದೆ, ಹೆಂಗಸರಲ್ಲೇ ಹೆಚ್ಚು. ಅವರಲ್ಲಿ ಅಂಗುಳದ ಕ್ಯಾನ್ಸರ್ ಹೆಚ್ಚೆಂದು ನಮ್ಮ ದೇಶದ ಸಂಶೋಧಕರೇ ತೋರಿಸಿದ್ದಾರೆ. ಹೈದರಾಬಾದ್‌ನ ಓದುಗರಿಗೆ ಇದು ಹೊಸತಲ್ಲ. ಬಾಯಿಹುಣ್ಣಿಗೆ ವಾರಗಟ್ಟಲೆ ಜೆಲ್ ಮತ್ತು ಬಿ-ಕಾಂಪ್ಲೆಕ್ಸ್ ಒಯ್ಯುವವರನ್ನು ಔಷಧ ಅಂಗಡಿಯಲ್ಲಿ ತುಂಬ ನೋಡಿದ್ದೇನೆ. ಎರಡು ವಾರಕ್ಕೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಸರಿಯಾಗಿ ಕೂರುತ್ತಿದ್ದ ಹಲ್ಲುಸೆಟ್ಟು ಇದ್ದಕ್ಕಿದ್ದಂತೆ ಕೂರದಿರುವುದು, ಇವುಗಳಲ್ಲಿ ಒಂದಿದ್ದರೂ ಜೆಲ್ ಸಾಕು, ದಂತವೈದ್ಯರ ಬಳಿ ಹೋಗಿ.

1929ರಲ್ಲಿ ಡಾ. ಮ್ಯಾಕ್ಸ್ ಶೂರ್ ಅವರ ವೈದ್ಯರಾದರು. ಫ್ರಾಯ್ಡ್ ಮೊದಲ ಭೇಟಿಯಲ್ಲೇ ಎರಡು ಷರತ್ತು ಹಾಕಿದರು: ನಿಜ ಹೇಳಬೇಕು, ಸಮಯ ಬಂದಾಗ ಸುಮ್ಮನೆ ನರಳಲು ಬಿಡಬಾರದು. ನೋವಿಗೆ ಹೆಚ್ಚಾಗಿ ಆಸ್ಪಿರಿನ್ ಅಷ್ಟೇ ಒಪ್ಪುತ್ತಿದ್ದರು, ಗಟ್ಟಿ ಔಷಧಿ ತಲೆಗೆ ಮಂಕು ತರುತ್ತದೆ ಎಂಬ ಭಯ. ಈ ಭಯ ಇವತ್ತೂ ಇದೆ. ಕ್ಯಾನ್ಸರ್ ನೋವಿಗೆ ವೈದ್ಯರು ಅಳತೆ ನೋಡಿ ಕೊಡುವ ಮಾರ್ಫಿನ್ ಮಾತ್ರೆಯಿಂದ ಮೊದಲ ಕೆಲವು ದಿನ ತೂಕಡಿಕೆ ಬರಬಹುದು, ಹೆಚ್ಚಿನವರಿಗೆ ಅದು ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಉಳಿಯುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ಪಡೆಯಿರಿ.

1938ರ ಮಾರ್ಚ್‌ನಲ್ಲಿ ನಾಜಿಗಳು ಆಸ್ಟ್ರಿಯಾ ಹಿಡಿದರು. ಯಹೂದಿ ಕುಟುಂಬ ಊರು ಬಿಡಬೇಕಾಯಿತು. ಏಪ್ರಿಲ್‌ನಲ್ಲಿ ತಮ್ಮ ಅಲೆಕ್ಸಾಂಡರ್ ಅವರ 72ನೇ ಹುಟ್ಟುಹಬ್ಬ ಬಂದಾಗ, ವರ್ಷಗಳಿಂದ ಕೂಡಿಟ್ಟ ಒಳ್ಳೆಯ ಸಿಗಾರ್‌ಗಳನ್ನೆಲ್ಲ ಫ್ರಾಯ್ಡ್ ಅವರಿಗೆ ಕೊಟ್ಟರು. ಆ ಸುಖ ನಿನಗೆ ಇನ್ನೂ ಉಂಟು, ನನಗಿಲ್ಲ ಎಂಬರ್ಥದ ಪತ್ರವೂ ಜೊತೆಗಿತ್ತು.

ಲಂಡನ್‌ಗೆ ಬಂದ ಮೇಲೆ ಆ ಸೆಪ್ಟೆಂಬರ್‌ನಲ್ಲಿ ಪಿಖ್ಲರ್ ವಿಯೆನ್ನಾದಿಂದ ಬಂದು ಇನ್ನೊಂದು ದೊಡ್ಡ ಶಸ್ತ್ರಕ್ರಿಯೆ ಮಾಡಿದರು. ಮರುವರ್ಷ ಗಡ್ಡೆ ಮತ್ತೆ ಬಂತು, ಈ ಬಾರಿ ಕತ್ತರಿಸುವಂತಿರಲಿಲ್ಲ. ಗಾಯದ ವಾಸನೆಗೆ ಮುದ್ದಿನ ನಾಯಿ ಕೂಡ ಹತ್ತಿರ ಸುಳಿಯದಾಯಿತು. ಕೊನೆಗೆ ಫ್ರಾಯ್ಡ್ ಶೂರ್ ಅವರಿಗೆ ಹಳೆಯ ಮಾತನ್ನು ನೆನಪಿಸಿ, ಆನಾಗೂ ತಿಳಿಸಿ ಎಂದರು. ಆನಾ ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಶೂರ್ ಮಾರ್ಫಿನ್ ಕೊಟ್ಟರು. 1939ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಫ್ರಾಯ್ಡ್ ತೀರಿಕೊಂಡರು.